ಗುರುಸಿದ್ದನ ಬೋಗುಣಿ

ಬಯಲಿನಲ್ಲಿ ಮಾಡಿದ ಅಡುಗೆಗೆ ರುಚಿ ಹೆಚ್ಚು ಎನ್ನುವವರನ್ನು ನಾನು ನಂಬುವುದಿಲ್ಲ. ಹೊಗೆಯೆಲ್ಲ ಕಣ್ಣಿಗೆ ಬರುತ್ತದೆ, ಅನ್ನ ಒಂದು ಕಡೆ ಸೀದು ಇನ್ನೊಂದು ಕಡೆ ಅಕ್ಕಿಯಾಗಿಯೇ ಉಳಿದಿರುತ್ತದೆ, ಉಪ್ಪಿನ ಪೊಟ್ಟಣವನ್ನು ಯಾರಾದರೊಬ್ಬರು ಮನೆಯಲ್ಲೇ ಮರೆತು ಬಂದಿರುತ್ತಾರೆ. ಹೀಗೆಲ್ಲ ವಾದ ಮಾಡುವ ನಾನು, ಕೆರೆ ಏರಿಯ ಮೇಲೆ ಗೆಳೆಯ ಗುರುಸಿದ್ದ ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದ ಬದನೆಕಾಯಿಯ ಮಾತು ಬಂದರೆ ಮಾತ್ರ ತೆಪ್ಪಗಾಗುತ್ತೇನೆ.

ನಾವಿಬ್ಬರೂ ಜೆ.ಪಿ. ನಗರದ ಒಂದು ಸ್ಕೂಟರ್ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕಿದ್ದೆವು. ನಾನು ಮೆಕ್ಯಾನಿಕ್, ಹುಟ್ಟಿ ಬೆಳೆದದ್ದು ಇದೇ ಊರಿನ ಸಿದ್ದಾಪುರದ ಗಲ್ಲಿಯಲ್ಲಿ. ಅವನು ಹುನಗುಂದದ ಕಡೆಯವನು, ಬಿ.ಟಿ.ಎಂ.ನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ಮುಂದಿನ ಕೌಂಟರಿನಲ್ಲಿ ಕೂತು, ಗಿರಾಕಿಗಳು ಹೇಳಿದ ಕಾಯಿಲೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ನನಗೆ ಕಳಿಸುವುದು ಅವನ ಕೆಲಸ. ಮೊದಮೊದಲು ಅವನ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನ ಕನ್ನಡಕ್ಕೆ ಅವನು ನಗುತ್ತಿದ್ದ. ಆರು ತಿಂಗಳು ಕಳೆಯುವುದರೊಳಗೆ ಒಬ್ಬರನ್ನೊಬ್ಬರು ಬಿಟ್ಟು ಟೀ ಕುಡಿಯದ ಹಾಗಾದೆವು. ನನ್ನ ಹೆಸರು ಮುನಿಕೃಷ್ಣ. ಅದನ್ನು ‘ಮುನ್ಯಾ’ ಎಂದು ಮೊಟಕು ಮಾಡಿದವನು ಅವನೊಬ್ಬನೇ.

ತೊಂಬತ್ತಾರರಿಂದ ನಮ್ಮ ಕ್ಯಾಂಪಿಂಗ್ ಶುರುವಾಯಿತು. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ನಾನು, ಗುರುಸಿದ್ದ, ಪೇಂಟಿಂಗ್ ಸೆಕ್ಷನ್ನಿನ ಯಲ್ಲಪ್ಪ ಮೂವರೂ ಎರಡು ಬೈಕುಗಳಲ್ಲಿ ಕನಕಪುರ ರಸ್ತೆ ಹಿಡಿಯುತ್ತಿದ್ದೆವು. ರಸ್ತೆಯಿಂದ ಒಳಗೆ ಮೂರು ಮೈಲಿ ಹೋದರೆ ಒಂದು ಪುಟ್ಟ ಕೆರೆ, ಅದರ ಏರಿಯ ಮೇಲೆ ಎರಡು ಹೊಂಗೆ ಮರ. ಹೊಸ ಸ್ಕೂಟರುಗಳಿಗೆ ಹೊದಿಸಿ ಕಳಿಸುತ್ತಿದ್ದ ಟಾರ್ಪಾಲನ್ನು ಆ ಮರಗಳಿಗೆ ಬಿಗಿದರೆ ನಮ್ಮ ಟೆಂಟು ಸಿದ್ಧ.

ಒಲೆ ಮಾತ್ರ ಎರಡು. ಗುರುಸಿದ್ದ ಲಿಂಗವಂತ, ಮಾಂಸ ಮುಟ್ಟುವವನಲ್ಲ. ನನಗೂ ಯಲ್ಲಪ್ಪನಿಗೂ ಕೋಳಿ ಸಾರಿಲ್ಲದಿದ್ದರೆ ಅದು ಕ್ಯಾಂಪೇ ಅಲ್ಲ. ಹಾಗಾಗಿ ಹತ್ತು ಹೆಜ್ಜೆ ದೂರದಲ್ಲಿ ಅವನ ಮೂರು ಕಲ್ಲು, ಇಲ್ಲಿ ನಮ್ಮ ಮೂರು ಕಲ್ಲು. ಊರಿನಿಂದ ಅವನ ಅವ್ವ ರೇಣವ್ವ ಕೊಟ್ಟು ಕಳಿಸಿದ ದಪ್ಪ ತಳದ ಹಿತ್ತಾಳೆ ಬೋಗುಣಿ ಆ ಒಲೆಗೇ ಮೀಸಲು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ನಮ್ಮ ಕೋಳಿಗೆ ಈರುಳ್ಳಿ ಹೆಚ್ಚಿ ಕೊಡುತ್ತಿದ್ದವನೇ ಅವನು.

ಮಗುಚಿಟ್ಟ ತಟ್ಟೆಯ ಮೇಲೆ ಅವನು ಜೋಳದ ರೊಟ್ಟಿ ತಟ್ಟುವ ಸದ್ದು ಕೆರೆಯ ಆಚೆ ದಡಕ್ಕೂ ಕೇಳುತ್ತಿತ್ತು. ರೊಟ್ಟಿ ಬೇಯುವಾಗ ಕೆಂಡದ ಒಳಗೆ ಬದನೆಕಾಯಿ, ಹಸಿಮೆಣಸಿನಕಾಯಿ. ಸುಟ್ಟ ಸಿಪ್ಪೆಯನ್ನು ಊದಿ ಊದಿ ಸುಲಿದು, ಕಲ್ಲಿನಿಂದ ಗುದ್ದಿದ ಈರುಳ್ಳಿ, ಉಪ್ಪು, ಒಂದಿಷ್ಟು ಹಸಿ ಶೇಂಗಾ ಎಣ್ಣೆ ಹಾಕಿ ಕೈಯಲ್ಲೇ ಕಲಸುತ್ತಿದ್ದ. ಬಿಸಿ ರೊಟ್ಟಿಯ ಮೇಲೆ ಅದನ್ನಿಟ್ಟು ಮೊದಲು ನಮಗೆ ಕೊಡುತ್ತಿದ್ದ. ತಾನು ಉಣ್ಣುವ ಮೊದಲು ಕೆರೆಯಲ್ಲಿ ಮುಳುಗಿ ಬಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರಬೇಕು. ಆಮೇಲೆ ಉಂಡ ತಾಟಿನಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದ. “ನೀಡಿಸಿಕೊಂಡದ್ದು ಪ್ರಸಾದ. ಅದನ್ನ ಚೆಲ್ಲಬಾರ್ದು” ಎನ್ನುತ್ತಿದ್ದ. ನಾನು ಎಷ್ಟು ರೇಗಿಸಿದರೂ ಅವನು ಬಿಡಲಿಲ್ಲ.

ಎರಡು ಸಾವಿರನೇ ಇಸವಿಯ ಡಿಸೆಂಬರಿನಲ್ಲಿ ನನಗೆ ಮಣ್ಣಿನ ಮಡಕೆಯಲ್ಲಿ ಸಾರು ಮಾಡುವ ಹುಚ್ಚು ಹತ್ತಿತು. ಮಡಿವಾಳದ ಮಾರ್ಕೆಟ್ಟಿನಿಂದ ಹೊಸ ಮಡಕೆ ತಂದೆ. ಹೊಸ ಮಡಕೆಯನ್ನು ನೀರಿನಲ್ಲಿ ನೆನೆಸಿ ಪಳಗಿಸಬೇಕೆಂದು ನಮ್ಮಮ್ಮ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸಂಜೆ ಗುರುಸಿದ್ದ ಬೇಳೆಗೆ ಹಾಕಲು ಮೆಂತ್ಯ ಸೊಪ್ಪು ಹುಡುಕಿಕೊಂಡು ಹಳ್ಳಿಯ ಕಡೆಗೆ ಹೋಗಿದ್ದ. ಸಾರು ಕುದಿ ಬರುವ ಹೊತ್ತಿಗೆ ಮಡಕೆ ಟಪ್ಪೆಂದು ಬಿರಿಯಿತು. ಸಾರು ಬೆಂಕಿಗೆ ಸುರಿಯತೊಡಗಿತು. ನಾನು ಹಿಂದೆ ಮುಂದೆ ನೋಡದೆ ಕೈಗೆ ಸಿಕ್ಕ ಪಾತ್ರೆ ಎಳೆದು ಅದಕ್ಕೆ ಬಗ್ಗಿಸಿದೆ. ಯಲ್ಲಪ್ಪ ಅಯ್ಯೋ ಎಂದು ಹಣೆ ಚಚ್ಚಿಕೊಂಡಾಗಲೇ ನೋಡಿದ್ದು, ಅದು ಗುರುಸಿದ್ದನ ಬೋಗುಣಿ.

“ಬಂದ ಕೂಡ್ಲೇ ಹೇಳಿಬಿಡು ಅವಂಗ” ಎಂದ ಯಲ್ಲಪ್ಪ.

“ಹೇಳಿದ್ರೆ ಉಪವಾಸ ಮಲಗ್ತಾನೆ ಪಾಪ. ನಾನು ತೊಳ್ದಿಡ್ತೀನಿ, ನೀನು ಸುಮ್ನಿರು” ಎಂದೆ.

ಅವನ ಉಪವಾಸದ ಚಿಂತೆ ನನಗಿತ್ತು ಎನ್ನುವುದು ಅರ್ಧ ಸತ್ಯ. ಉಳಿದರ್ಧ ಬರೀ ಹೆದರಿಕೆ. ಕೋಳಿಯನ್ನು ಅದರಲ್ಲೇ ಬೇಯಲು ಬಿಟ್ಟು, ಬೆಂದ ಸಾರನ್ನು ನೀರು ತರುವ ತಗಡಿನ ಬಕೆಟ್ಟಿಗೆ ಸುರಿದು, ಬೂದಿ, ಮಣ್ಣು, ನಿಂಬೆಹಣ್ಣಿನ ಸಿಪ್ಪೆ ಎಲ್ಲ ಹಾಕಿ ಬೋಗುಣಿಯನ್ನು ಕೈ ನೋಯುವಷ್ಟು ಉಜ್ಜಿದೆ.

ಗುರುಸಿದ್ದ ಬಂದವನೇ ಕೇಳಿದ, “ಮಡಕಿ ಎಲ್ಲೈತಿ?”

“ಒಡೆದೋಯ್ತು ಮಗಾ. ಬಕೆಟ್ಟಲ್ಲೇ ಕುದಿಸ್ಬಿಟ್ಟೆ.”

ಅವನು ನಕ್ಕ. ಅದೇ ಬೋಗುಣಿಯಲ್ಲಿ ಬೇಳೆ ಬೇಯಿಸಿದ, ರೊಟ್ಟಿ ತಟ್ಟಿದ, ಕೆರೆಯಲ್ಲಿ ಮುಳುಗಿ ಬಂದು ಪೂಜೆ ಮಾಡಿದ, ಊಟಕ್ಕೆ ಕೂತ. ಮೊದಲ ತುತ್ತು ಬಾಯಿಗಿಟ್ಟವನು ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದ. ಆ ಕ್ಷಣದಲ್ಲಾದರೂ ಬಾಯಿ ಬಿಡಬಹುದಿತ್ತು. ನಾನು ಬಿಟ್ಟದ್ದು ಬೇರೆ ಮಾತಿಗೆ.

“ಹೆಂಗಿದೆ ಗುರು ಬೇಳೆ?”

“ಚೊಲೊ ಆಗೇತಿ” ಎಂದ. ಪೂರ್ತಿ ಉಂಡ. ತಾಟು ತೊಳೆದು ನೀರು ಕುಡಿದ. ಗೊತ್ತಾಗಲಿಲ್ಲ, ಬಚಾವಾದೆ ಎಂದುಕೊಂಡು ನಾನು ಎರಡು ಮುದ್ದೆ ಹೆಚ್ಚೇ ತಿಂದೆ.

ಮುಂದಿನ ಎರಡನೇ ಶನಿವಾರ ಅವನಿಗೆ ಊರಿನಲ್ಲಿ ಕೆಲಸ ಬಂತು. ಅದರ ಮುಂದಿನ ತಿಂಗಳು ಜ್ವರ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟು “ಆಗಂಗಿಲ್ಲ ಮುನ್ಯಾ” ಎಂದಷ್ಟೇ ಹೇಳತೊಡಗಿದ. ಯುಗಾದಿ ಕಳೆದ ಮೇಲೆ ಮಡಿವಾಳದ ಒಂದು ಟೈರ್ ಏಜೆನ್ಸಿಗೆ ಸೇರಿದ. ಹೋಗುವಾಗ ಎಲ್ಲರಿಗೂ ಪೇಢೆ ಹಂಚಿದ, ನನಗೂ ಕೊಟ್ಟ. ನೀನೇನಾದರೂ ಬಾಯಿ ಬಿಟ್ಟೆಯಾ ಎಂದು ಯಲ್ಲಪ್ಪನ ಕಾಲರ್ ಹಿಡಿದು ಕೇಳಿದೆ. ಅವನು ತನ್ನ ಮಗಳ ಮೇಲೆ ಆಣೆ ಮಾಡಿದ.

ಆಮೇಲಿನ ವರ್ಷಗಳಲ್ಲಿ ನಾನು ಬೇರೆಯವರ ಜೊತೆ ಕ್ಯಾಂಪಿಗೆ ಹೋಗಲಿಲ್ಲವೆಂದಲ್ಲ. ಜಯನಗರದ ಹುಡುಗರ ಒಂದು ಗುಂಪು ಕಬ್ಬಿಣದ ಜಾಲರಿ, ಇದ್ದಿಲು, ಮಸಾಲೆ ಹಚ್ಚಿದ ಪನೀರು ಎಲ್ಲ ತರುತ್ತಿತ್ತು. ಬೆಳಿಗ್ಗೆ ನೂಡಲ್ಸು, ಬ್ರೆಡ್ಡು. ಸಖತ್ತಾಗಿದೆ ಎಂದು ನಾನೂ ಹೇಳುತ್ತಿದ್ದೆ. ಮನೆಯಲ್ಲಿ ಗ್ಯಾಸ್ ಒಲೆಯ ಉರಿಯ ಮೇಲೆ ಬದನೆಕಾಯಿ ಸುಟ್ಟು ನೋಡಿದೆ. ಬರ್ನರ್ ಹಾಳಾಗಿ, ಹೆಂಡತಿಯಿಂದ ವಾರವಿಡೀ ಮಂಗಳಾರತಿಯಾಯಿತು. ನನಗೆ ಬೇಕಾಗಿದ್ದದ್ದು ಬದನೆಕಾಯಿಯಲ್ಲ. ಆ ಹತ್ತು ಹೆಜ್ಜೆ ದೂರದಲ್ಲಿ ಕೂತು “ಲೇ ಮುನ್ಯಾ, ನಿನ್ನ ಒಲಿ ಆರಾಕತೈತಿ ನೋಡು” ಎನ್ನುವವನು ಬೇಕಾಗಿದ್ದ. ಬಿ.ಟಿ.ಎಂ.ಗೆ ಹೋಗಲು ನನ್ನ ಮನೆಯಿಂದ ಇಪ್ಪತ್ತು ನಿಮಿಷ ಸಾಕು. ಐದು ವರ್ಷ ನಾನು ಹೋಗಲಿಲ್ಲ.

ಎರಡು ಸಾವಿರದ ಆರರಲ್ಲಿ ಮಡಿವಾಳ ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿ ಅವನೇ ಎದುರಾದ. ತಲೆ ಮುಂದೆ ಬೋಳಾಗಿತ್ತು. ಕೈಚೀಲ ಕೆಳಗಿಟ್ಟು ನನ್ನ ಎರಡೂ ಭುಜ ಹಿಡಿದುಕೊಂಡ. ಮದುವೆಯಾಗಿದೆ, ಪುಟ್ಟ ಮಗಳಿದ್ದಾಳೆ, ಮನೆ ಇಲ್ಲೇ ಹತ್ತಿರ, ಬಂದು ಚಹಾ ಕುಡಿಯದೆ ಹೋಗಬಾರದು ಎಂದು ಎಳೆದುಕೊಂಡೇ ಹೋದ. ಅವನ ಹೆಂಡತಿ ಜಯಾ ಚಹಾ ಕೊಟ್ಟು, “ಅಣ್ಣಾರ, ನಿಮ್ಮ ಹೆಸರು ಭಾಳ ಕೇಳೇನ್ರಿ” ಎಂದಳು. ಅವಳು ಒಳಗೆ ಹೋದ ಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಮಡಕೆ, ಬೋಗುಣಿ, ಬಕೆಟ್ಟು, ಬೂದಿ.

ಅವನು ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟ.

“ನಂಗ ಗೊತ್ತಿತ್ತಲೇ.”

“ಯಾವಾಗಿಂದ?”

“ಅವತ್ತ. ಬಕೀಟಿನ ತಳಕ್ಕ ಒಂದಿಷ್ಟೂ ಮಸಿ ಇರ್ಲಿಲ್ಲ. ನನ್ನ ಬೋಗುಣಿ ನೋಡಿದ್ರ ಥಳಾಥಳಾ ಹೊಳೀತಿತ್ತು. ಯಾವತ್ತ ನೀ ನನ್ನ ಪಾತ್ರಿ ತಿಕ್ಕಿದ್ದಿ? ಆದ್ರೂ ನನ್ನ ಮನಸ್ಸಿಗೆ ಅದು ಸುಳ್ಳಾಗ್ಲಿ ಅನಸ್ತು. ತುತ್ತ ಬಾಯಾಗ ಇಟ್ಟ ಮ್ಯಾಲ ಖಾತ್ರಿ ಆತು.”

“ಮತ್ತೆ ಯಾಕೋ ತಿಂದೆ? ಎದ್ದು ಎರಡು ಒದೀಬಾರ್ದಿತ್ತಾ?”

“ತಾಟಿಗೆ ಬಿದ್ದಿತ್ತಲ್ಲೋ. ಬಿಟ್ಟು ಎದ್ದಿದ್ರ ನೀವಿಬ್ರೂ ನನ್ನ ಮಾರಿ ಹೆಂಗ ನೋಡ್ತಿದ್ರಿ?” ಎಂದ. ಆಮೇಲೆ ಊರಿಗೆ ಹೋಗಿ ಮಠದ ಅಜ್ಜಾರ, ಅಂದರೆ ಸ್ವಾಮಿಗಳ ಮುಂದೆ ಎಲ್ಲ ಹೇಳಿದನಂತೆ. ಅವರು ನಕ್ಕು, ಹಣೆಗೆ ವಿಭೂತಿ ಹಚ್ಚಿ ಕಳಿಸಿದರಂತೆ. “ಅದು ಅಲ್ಲಿಗೇ ಮುಗೀತು. ಪಾತ್ರಿ ತೊಳದ್ರ ಆತು, ಮೈ ತೊಳದ್ರ ಆತು.”

“ಹಂಗಾದ್ರೆ ನನ್ನ ಯಾಕ್ ಬಿಟ್ಟು ಹೋದೆ?”

“ಮರುದಿನ ಮುಂಜಾನೆ ಹೇಳ್ತಿ ಅಂತ ಕಾದೆ. ಸೋಮವಾರ ಚಹಾದ ಹೊತ್ತಿಗೆ ಹೇಳ್ತಿ ಅಂತ ಕಾದೆ. ಪೇಢೆ ಕೊಟ್ಟಾಗರ ಹೇಳ್ತಿ ಅನ್ಕೊಂಡೆ. ನೀ ಬೇಕಂತ ಮಾಡಿಲ್ಲ ಅಂತ ನಂಗೇನು ತಿಳೀದಾ? ಆದ್ರ ನಾ ತುತ್ತ ನುಂಗಲಾರ್ದ ಕುಂತಾಗ, ಹೆಂಗೈತಿ ಬ್ಯಾಳಿ ಅಂತ ಕೇಳಿದಿ ನೋಡು ಮುನ್ಯಾ, ಅದು ಮನಸ್ಸಿನಾಗಿಂದ ಹೋಗವಲ್ದು.”

ನಾನು ತಲೆ ತಗ್ಗಿಸಿದೆ. ಕ್ಷಮಿಸು ಎಂದು ಕೇಳಿದೆ, ಬಾಯಿಬಿಟ್ಟು ಕೇಳಿದೆ. ಅವನು ನನ್ನ ಬೆನ್ನು ತಟ್ಟಿ, “ಹೇಳಿದಿಯಲ್ಲ, ಬಿಡು” ಎಂದ. ಎರಡನೇ ಶನಿವಾರ ಕೆರೆಗೆ ಬರುತ್ತೀಯಾ ಎಂದು ಕೇಳಿದರೆ ಹೂಂ ಎಂದುಬಿಟ್ಟ.

ಆ ಶನಿವಾರ ನಾನು ಎರಡು ಗಂಟೆ ಮುಂಚೆಯೇ ಹೋದೆ. ಯಲ್ಲಪ್ಪ ಆಗಲೇ ಕೆಲಸ ಬಿಟ್ಟು ಊರು ಸೇರಿದ್ದ, ಹಾಗಾಗಿ ನಾವಿಬ್ಬರೇ. ಕೆರೆಯ ಸುತ್ತ ಸೈಟುಗಳ ಕಲ್ಲು ನೆಟ್ಟಿದ್ದರು. ಒಂದು ಹೊಂಗೆ ಮರವಷ್ಟೇ ಉಳಿದಿತ್ತು. ಕೋಳಿ ತಂದಿರಲಿಲ್ಲ, ಮೊಟ್ಟೆಯನ್ನೂ ತಂದಿರಲಿಲ್ಲ. ಜೋಳದ ಹಿಟ್ಟು, ಬೇಳೆ, ಮೆಂತ್ಯ ಸೊಪ್ಪು, ಆರಿಸಿ ತಂದ ಬದನೆಕಾಯಿ, ಜಯನಗರದ ಪಾತ್ರೆ ಅಂಗಡಿಯಲ್ಲಿ ಕೊಂಡ ಹೊಸ ಬೋಗುಣಿ. ಅದರ ಮೇಲಿನ ಚೀಟಿಯನ್ನು ಬೇಕೆಂದೇ ಕಿತ್ತಿರಲಿಲ್ಲ, ಯಾರೂ ಮುಟ್ಟಿಲ್ಲ ಎಂದು ಅವನಿಗೆ ಗೊತ್ತಾಗಲಿ ಎಂದು. ಮೂರು ಕಲ್ಲು ಹೂಡಿ, ಸೌದೆ ಒಟ್ಟಿ, ಮದುಮಗನನ್ನು ಕಾಯುವವರಂತೆ ದಾರಿ ನೋಡುತ್ತ ಕೂತೆ.

ಅವನು ಸ್ಕೂಟರಿನಲ್ಲಿ ಬಂದ. ನಗುತ್ತಲೇ ಬಂದ. ಒಲೆ ನೋಡಿದ, ಬೋಗುಣಿಯನ್ನು ಎತ್ತಿ ತಿರುಗಿಸಿ ನೋಡಿದ. “ಚೊಲೊ ಪಾತ್ರಿ ತಂದಿ” ಎಂದು ಅದನ್ನು ಮೆಲ್ಲಗೆ ಕೆಳಗಿಟ್ಟ. ಕೆರೆಗೆ ಹೋಗಿ ಮುಳುಗಿ ಬಂದ, ಪೂಜೆಗೆ ಕೂತ. ನಾನು ಬೆಂಕಿ ಹಚ್ಚಲು ಬಗ್ಗಿದೆ.

“ಬ್ಯಾಡ ಬಿಡು ಮುನ್ಯಾ” ಎಂದ, ಕಣ್ಣು ಬಿಟ್ಟು. “ಜಯಾ ಬುತ್ತಿ ಕಟ್ಟಿ ಕೊಟ್ಟಾಳ. ಇಬ್ಬರಿಗೂ ಆಗ್ತೈತಿ.”

ಚೀಲದಿಂದ ಬಿಳಿ ಬಟ್ಟೆಯ ಗಂಟು ತೆಗೆದ. ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನಗೇ ಮೊದಲು ಬಡಿಸಿದ, ಹೆಚ್ಚೇ ಬಡಿಸಿದ. ಪಕ್ಕದಲ್ಲೇ ಕೂತು, ನರ್ಸರಿಗೆ ಹೋಗುವ ಮಗಳ ಮಾತಾಡುತ್ತ ಉಂಡ. ಅವನ ಮಾತಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಸರಿ ಮಾಡಿಕೊಳ್ಳುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುವ ವಿದ್ಯೆ.

“ಹೆಂಗೈತಿ?” ಎಂದು ಅವನೇ ಕೇಳಿದ.

ಜಯಾ ಮಾಡಿದ ಅಡುಗೆ ಬಹಳ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದರೆ ಅಳು ಬಂತು. ಅವನು ಇನ್ನೊಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದ.