ಕನ್ನಡಿಯ ಬೆನ್ನು

ಎದುರುಮನೆಯ ಗೋಡೆಯ ಮೇಲೆ ಬೆಳಕಿನ ತುಂಡೊಂದು ಛಂಗನೆ ಜಿಗಿಯಿತು. ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದ ರಂಗವ್ವನ ಮೊರ ಹಾಗೇ ನಿಂತಿತು. ಬೆಳಕು ಗೋಡೆಯಿಂದ ಬಾಗಿಲಿಗೆ ಬಂತು, ಬಾಗಿಲಿನಿಂದ ಕಿಟಕಿಗೆ ಹೋಯಿತು, ಅಲ್ಲೊಂದು ಗಳಿಗೆ ನಡುಗಿ ಮಾಯವಾಯಿತು. ಆ ಕಿಟಕಿ ಯಾರದು? ಕೆಂಚಣ್ಣನದು. ಸೈಕಲ್ ರಿಪೇರಿ ಮಾಡುವವನು, ಇನ್ನೂ ಮದುವೆಯಾಗಿಲ್ಲ, ಮಧ್ಯಾಹ್ನ ಊಟಕ್ಕೆ ಬಂದರೆ ಏನಾದರೊಂದು ಹಾಡು ಗುನುಗುತ್ತಾನೆ. ಸುಮ್ಮಸುಮ್ಮನೆ ಯಾರಾದರೂ ಗುನುಗುತ್ತಾರೆಯೇ?

ರಂಗವ್ವ ಎದ್ದು ಮನೆಯ ಪಕ್ಕದ ಅಂಗಳಕ್ಕೆ ತಿರುಗುವಷ್ಟರಲ್ಲಿ ಸೊಸೆ ಅಂಜಿನವ್ವ ಸೆರಗಿನಡಿ ಏನನ್ನೋ ಅವುಚಿಕೊಂಡು ಸರಕ್ಕನೆ ಒಳಗೆ ನುಗ್ಗಿದಳು.

"ಏನೇ ಅದು ಅಂಜಿನಿ?"

"ಏನಿಲ್ರಿ ಅತ್ತಿ, ಹಪ್ಪಳ ಒಣಾಕಿದ್ದೆ."

ಹಪ್ಪಳವಂತೆ ಹಪ್ಪಳ! ಹಪ್ಪಳದ ಡಬ್ಬಿ ಖಾಲಿಯಾಗಿ ಯಾವ ಕಾಲವಾಯಿತೋ.

ದೊಡ್ಡ ಮಗಳ ಬಾಣಂತನಕ್ಕೆ ನಂದಿಗುಡಿಗೆ ಹೋಗಿ ಬಂದಾಗಿನಿಂದ ರಂಗವ್ವನಿಗೆ ಈ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇತ್ತು. ನಡುಮನೆಯ ಕನ್ನಡಿಗೆ ಬಟ್ಟೆ ಹೊದಿಸಿತ್ತು. ಕೇಳಿದರೆ, "ದೂಳು ಬೀಳ್ತೈತ್ರಿ" ಅಂದಿದ್ದಳು ಸೊಸೆ. ತಗಡಿನ ಅಂಚಿನ ಆ ದೊಡ್ಡ ಕನ್ನಡಿಯನ್ನು ಮಗ ಸಣ್ಣಬೀರಪ್ಪ ಮಿಲ್ಲಿಗೆ ಸೇರಿದ ಹೊಸತರಲ್ಲಿ ಹರಿಹರದಿಂದ ತಂದಿದ್ದ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು. ನಿಟ್ಟುವಳ್ಳಿಯ ಆ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಗಂಡ ಇದ್ದಾಗ ಶುಕ್ರವಾರ ಬಂತೆಂದರೆ ರಂಗವ್ವ ಅದಕ್ಕೆ ಚಿಟಿಕೆ ವಿಭೂತಿ ಹಚ್ಚಿ, ಹಳೇ ಪಂಚೆಯ ಚೂರಿನಿಂದ ಮೆಲ್ಲಗೆ ಒರೆಸುತ್ತಿದ್ದಳು. ಅವನು ತೀರಿಕೊಂಡ ಮೇಲೆ ಹಣೆಗೆ ಕುಂಕುಮವೂ ಇಲ್ಲ, ಕಣ್ಣಿಗೆ ಕನ್ನಡಿಯೂ ಇಲ್ಲ; ಅದರ ಮುಂದೆ ಹಾಯುವಾಗ ಮುಖವನ್ನೇ ಆಚೆ ತಿರುಗಿಸುವಳು. ಹಾಗಾಗಿ ಬಟ್ಟೆ ಎತ್ತಿ ನೋಡುವ ಮಾತೇ ಇರಲಿಲ್ಲ. ಮಗನೋ, ಕತ್ತಲಿರುವಾಗಲೇ ತಲೆ ಬಾಚಿಕೊಂಡು ಮಿಲ್ಲಿಗೆ ಓಡುವವನು.

ಆದರೂ ವಯಸ್ಸಿನ ಹುಡುಗಿ ಕನ್ನಡಿ ಮುಚ್ಚಿಡುತ್ತಾಳೆ ಅಂದರೆ ಯಾರು ನಂಬಬೇಕು?

ಮರುದಿನ ಮಧ್ಯಾಹ್ನ ಬೆಳಕು ಮತ್ತೆ ಅದೇ ಕಿಟಕಿಗೆ ಹೋಯಿತು. ಪಕ್ಕದ ಮನೆಯ ಖತೀಜಾಬೀ ಕೂಡ ನೋಡಿದಳು. "ಬಿಡು ರಂಗವ್ವ, ಸಣ್ಣ ಹುಡುಗಿ, ಆಡ್ತಾಳ" ಅಂದಳು.

"ಆಡೋ ವಯಸ್ಸಲ್ಲ ಖತೀಜಾ ಅದು. ಆಡ್ಸೋ ವಯಸ್ಸು."

ಸಂಜೆ ಸೊಸೆ ನೀರಿಗೆ ಹೋದ ಹೊತ್ತು ನೋಡಿ ರಂಗವ್ವ ಮಗನ ಮುಂದೆ ಕೂತಳು. "ಸಣ್ಣಾ, ನಿನ್ ಹೆಂಡ್ತಿ ಆ ಕೆಂಚಣ್ಣನ ಕಿಟಕಿಗೆ ಕನ್ನಡಿ ಹಿಡೀತಾಳ. ಕಣ್ಣಾರೆ ನೋಡೀನಿ." ಕಂಡದ್ದು ಬರೀ ಬೆಳಕು, ಬಾಯಿಗೆ ಬರುವಷ್ಟರಲ್ಲಿ ಅದಕ್ಕೆ ಕನ್ನಡಿಯೂ ಸೇರಿತು, ಸೊಸೆಯ ಕೈಯೂ ಸೇರಿತು.

ಸಣ್ಣಬೀರಪ್ಪ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. "ನಾಳೆ ಮಿಲ್ಲಿಂದ ಬಂದು ಲೋಕಿಕೆರೆಗೆ ಬಿಟ್ಟು ಬರ್ತೀನಿ. ಅವರಪ್ಪನೇ ಇಟ್ಕಳ್ಳಿ" ಅಂದು ಕೈ ತೊಳೆದ.

ಮರುದಿನ ರಂಗವ್ವ ಪೇಟೆಗೆಂದು ಹೇಳಿ ಹೊರಟು, ಹಿಂದಿನ ಓಣಿಯಿಂದ ಕಳ್ಳಹೆಜ್ಜೆ ಹಾಕುತ್ತ ವಾಪಸಾದಳು. ಬಟ್ಟೆ ಒಗೆಯುವ ಕಲ್ಲಿಗೆ ಕನ್ನಡಿ ಆನಿಸಿಕೊಂಡು ಅಂಜಿನವ್ವ ಅದರ ಬೆನ್ನಿಗೆ ಗಂಜಿಯಲ್ಲಿ ಕಲಸಿದ ಕೆಮ್ಮಣ್ಣು ಬಳಿಯುತ್ತಿದ್ದಳು. ಬಳಿದಳು, ಉಫ್ ಉಫ್ ಎಂದು ಊದಿದಳು, ಬಿಸಿಲಿಗೆ ಹಿಡಿದಳು. ಆಮೇಲೆ ಕನ್ನಡಿ ತಿರುಗಿಸಿ ಅದರಲ್ಲಿ ತನ್ನ ಮುಖ ಹುಡುಕಿದಳು. ತಿರುಗಿಸಿದ ಕೂಡಲೇ ಬೆಳಕು ಹಾರಿ ಕೆಂಚಣ್ಣನ ಗೋಡೆಗೆ ಹೋಯಿತು.

"ಕೊಡು ಇಲ್ಲಿ!" ರಂಗವ್ವ ಕಸಿದು ಎತ್ತಿಹಿಡಿದಳು. ಹಸಿ ಮಣ್ಣು ಲೊಳಕ್ಕನೆ ಜಾರಿ ನೆಲಕ್ಕೆ ಬಿತ್ತು. ನೋಡಬಾರದೆಂದು ಅವಳಿಗೆ ಆಗ ನೆನಪಾಗಲಿಲ್ಲ. ಮೇಲಿನ ಅರ್ಧದಲ್ಲಿ ಅವಳದೇ ಬೋಳು ಹಣೆ ಕಂಡಿತು. ಕೆಳಗಿನ ಅರ್ಧ ಬರೀ ಗಾಜು. ಅದರಾಚೆ ಸೊಸೆ ಬಿಕ್ಕುತ್ತಿದ್ದಳು.

"ಯುಗಾದಿ ಬಂತಂತ ಎಲ್ಲಾ ತೊಳೆದ್ನಿರಿ ಅತ್ತಿ, ನೀವು ಇರ್ಲಿಲ್ಲ. ಕೊಡ, ಚೆಂಬು ಬೆಳಗಿದಂಗೆ ಇದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಬೆನ್ನಾಗೆ ಕೆಂಪಗೆ ಹತ್ತಿತ್ತು, ಕಿಲುಬು ಅನ್ಕಂಡೆ. ತಿಕ್ಕಿ ತಿಕ್ಕಿ ಕಿಲುಬು ಹೋತು, ಮುಖಾನೂ ಹೋತು. ನಮ್ಮನ್ಯಾಗೆ ಅಂಗೈ ಅಗಲದ ಕನ್ನಡಿ, ಅದ್ರ ಬೆನ್ನು ಯಾರು ನೋಡ್ಯಾರ? ಅವ್ರಿಗೆ ಹೇಳಬ್ಯಾಡ್ರಿ, ನಿಮ್ ಕಾಲಿಗೆ ಬೀಳ್ತೀನಿ. ಊರಿಗೆ ಕಳಿಸಿಬಿಡ್ತಾರ."

ರಂಗವ್ವನಿಗೆ ನಗು ಉಕ್ಕಿತು. ನಗುತ್ತಿದ್ದ ಹಾಗೆಯೇ ನಿನ್ನೆ ಸಂಜೆ ಮಗನಿಗೆ ಹೇಳಿದ್ದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೊಸೆಯ ಮುಂದೆ ಅದನ್ನು ಬಾಯಿಬಿಡಲು ಧೈರ್ಯ ಬರಲಿಲ್ಲ. ಮಗ ಬಂದ ಕೂಡಲೇ ಪಕ್ಕಕ್ಕೆ ಕರೆದು ಹೇಳಿದರಾಯಿತು ಎಂದುಕೊಂಡಳು.

ಮಗ ಅಷ್ಟು ಪುರಸೊತ್ತು ಕೊಡಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸುತ್ತಲೇ ಕೂಗಿದ: "ಏಯ್, ಬಟ್ಟಿ ಗಂಟು ಕಟ್ಟು. ಲೋಕಿಕೆರೆಗೆ ಹೋಗಾನ."

ಅಂಜಿನವ್ವ ಅತ್ತೆಯತ್ತ ನೋಡಿದಳು. "ಹೇಳೇಬಿಟ್ರಾ ಅತ್ತಿ? ಒಂದು ಕನ್ನಡಿ ಸಲುವಾಗಿ..."

"ಕನ್ನಡಿ ಹಾಳಾಗಿ ಹೋಗ್ಲಿ. ಕೆಂಚಣ್ಣನ ಕಿಟಕಿಗೆ ಬೆಳಕು ಬಿಡೋದು ಯಾರು ಕಲ್ಸಿದ್ರು ನಿಂಗೆ?" ಅಂದ ಸಣ್ಣಬೀರಪ್ಪ.

"ಯಾವ ಕೆಂಚಣ್ಣ?" ಅಂದಳು ಅಂಜಿನವ್ವ. ಹೇಳುತ್ತಿದ್ದ ಹಾಗೆಯೇ ಅವಳಿಗೆ ಅರ್ಥವಾಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ರಂಗವ್ವ ಇಬ್ಬರ ನಡುವೆ ಬಂದು ನಿಂತಳು. "ನಂದೇ ತಪ್ಪಪ್ಪಾ. ನಾ ಕಂಡಿದ್ದು ಬೆಳಕು ಅಷ್ಟೆ, ಉಳ್ಕೆದ್ದೆಲ್ಲ ನಾನೇ ಹೆಣೆದಿದ್ದು. ಸುಟ್ಟುಹೋಗ್ಲಿ ನನ್ ನಾಲ್ಗಿ." ಕನ್ನಡಿ ತಂದು ಅದರ ಬೆನ್ನು ತೋರಿಸಿ, ಹುಣಸೆಹಣ್ಣಿನಿಂದ ಕೆಮ್ಮಣ್ಣಿನವರೆಗೆ ಎಲ್ಲ ಹೇಳಿದಳು. ಸಣ್ಣಬೀರಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಿಗಿದಿದ್ದ ಮುಖ ಸಡಿಲವಾಯಿತು.

"ಅಯ್ಯೋ ಹುಚ್ಚಿ! ಗಾಜಿಗೆ ಹುಣಸೆಹಣ್ಣು ಹಾಕಿ ತಿಕ್ತಾರೇನೇ?" ಎಂದು ಹೊಟ್ಟೆ ಹಿಡಿದು ನಕ್ಕ. ಬದುಕಿದೆ ಎಂದುಕೊಂಡು ರಂಗವ್ವನೂ ನಗುತ್ತ ನೆಲಕ್ಕೆ ಕೂತಳು.

ಅಂಜಿನವ್ವ ನಗಲಿಲ್ಲ. "ನೀವೂ ನಂಬಿದ್ರಾ?" ಎಂದು ಗಂಡನನ್ನು ಕೇಳಿದಳು.

ಅವನು ಕನ್ನಡಿಯನ್ನು ಗೋಡೆಗೆ ಒರಗಿಸಿ, ಕೈಗೆ ಹತ್ತಿದ ಕೆಮ್ಮಣ್ಣು ಕೊಡವಿಕೊಂಡ. ಅವಳು ಮೂಲೆಯಲ್ಲಿದ್ದ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಅತ್ತಿ, ನೀರಿಗೆ ಹೊಂಟೀನಿ. ನೀವೂ ಬರ್ರಿ."

"ನಾನ್ಯಾಕವ್ವ?"

"ದಾರ್ಯಾಗೆ ಕೆಂಚಣ್ಣನ ಮನಿ ಐತಲ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ರಂಗವ್ವ ಮೊಣಕಾಲಿಗೆ ಕೈ ಊರಿ ಏಳಲು ಹೋದಳು, ಮತ್ತೆ ಕೂತಳು. ಅಂಜಿನವ್ವ ಹೊಸ್ತಿಲು ದಾಟದೆ, ಬೆನ್ನು ಮಾಡಿಕೊಂಡು ಅಲ್ಲೇ ಕಾಯುತ್ತ ನಿಂತಿದ್ದಳು.