ಈರುಳ್ಳಿ ದೇವರ ಪ್ರಸಾದ

ಪುಟ್ಟತಾಯಮ್ಮ ಪ್ರಸಾದದ ವಡೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ಒಂದೆರಡು ಸಲ ಅಗಿದವಳು ತಟ್ಟನೆ ನಿಲ್ಲಿಸಿ, ಬಾಯಿಗೆ ಬೆರಳು ಹಾಕಿ ಏನನ್ನೋ ಹೊರಗೆಳೆದು ದೀಪದ ಬೆಳಕಿಗೆ ಹಿಡಿದಳು. ಈರುಳ್ಳಿ! ಎಣ್ಣೆಯಲ್ಲಿ ಕೆಂಪಗೆ ಬೆಂದ ಈರುಳ್ಳಿ ಚೂರು.

ಸೊಸೆ ಕಮಲ ಪ್ರಸಾದ ಸುತ್ತಿ ತಂದಿದ್ದ ಬಾಳೆಲೆಯನ್ನು ಕೈಯಲ್ಲೇ ಮುದುರಿಕೊಂಡಳು. ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದ ಮಗ ಚೆಲುವರಾಜು ಒಂದು ಚಪ್ಪಲಿ ಕಾಲಲ್ಲೇ ಇದ್ದಂತೆಯೇ ನಿಂತುಬಿಟ್ಟ.

"ಯಾವ ದೇವ್ರವ್ವ ಇದು?" ಅಂದಳು ಪುಟ್ಟತಾಯಮ್ಮ.

"ಆಂಜನೇಯಸ್ವಾಮಿ ಅತ್ತೆ..."

"ಶನಿವಾರದ ದಿನ ಆಂಜನೇಯ ಈರುಳ್ಳಿ ತಿಂದ್ನಾ? ನಮ್ಮ ಹಿನಕಲ್ಲಲ್ಲಿ ತಿಂತಿರ್ನಿಲ್ಲ. ಪಟ್ನದ ದೇವ್ರು ಎಂಗೋ ಏನೋ."

ಅಷ್ಟೇ. ಉಳಿದ ವಡೆಯನ್ನು ಚೂರೂ ಬಿಡದೆ ತಿಂದು, ಕೈ ತೊಳೆದು, ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಕಮಲಳಿಗೆ ಅರ್ಧ ಜೀವವಾದರೂ ಬರುತ್ತಿತ್ತು. ಹೋಟ್ಲಿನ ವಡೆಯನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೆ ಕುಂಕುಮ ಉದುರಿಸಿ, ಒಂದು ಎಸಳು ತುಳಸಿಯನ್ನೂ ಇಟ್ಟು ಎಷ್ಟು ಜೋಪಾನವಾಗಿ ತಂದಿದ್ದಳು! ಒಳಗೆ ಏನಿದೆ ಎಂದು ಮುರಿದು ನೋಡುವ ಬುದ್ಧಿ ಇಬ್ಬರಿಗೂ ಹುಟ್ಟಿರಲಿಲ್ಲ.

ಅವರದು ಮೈಸೂರಿನ ಲಷ್ಕರ್ ಮೊಹಲ್ಲಾದ ವಠಾರದಲ್ಲಿ ಒಂದು ಕೋಣೆ, ಅದಕ್ಕಂಟಿದ ಒಂದು ಅಡುಗೆಮನೆ. ಚೆಲುವರಾಜುವಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಮೈದುನರಿಗೆ ಬಿಟ್ಟು, ಹಿನಕಲ್‌ನಿಂದ ಮಗನ ಬಳಿಗೆ ಬಂದಿದ್ದ ಪುಟ್ಟತಾಯಮ್ಮ ಗಿಡ್ಡ ಆಳು. ಮಾತು ಕಡಿಮೆ, ಕಿವಿ ಮಾತ್ರ ಬಲು ಚುರುಕು. ಆಕೆ ಕೋಣೆಯಲ್ಲಿ ಮಲಗಿದರೆ ಗಂಡಹೆಂಡತಿಗೆ ಅಡುಗೆಮನೆ, ನಡುವೆ ಬಾಗಿಲಿಲ್ಲದ ಬಾಗಿಲುವಾಡ. ಗೋಡೆಯಾಚೆ ಪಕ್ಕದ ಮನೆಯವರು ಕೆಮ್ಮಿದರೂ ಇಲ್ಲಿ ಕೇಳಿಸುತ್ತಿತ್ತು. ಇಂಥ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಏನು ಮಾತಾಡಿಯಾರು? "ಉಪ್ಪು ಸಾಕಾ?" "ಸಾಕು." ಅದೇ ಅವರ ಸರಸ.

ಹೋಟ್ಲಿನ ವಿಷಯ ಶುರುವಾದದ್ದು ನಿಜವಾದ ದೇವಸ್ಥಾನದಿಂದಲೇ. ಒಂದು ಶನಿವಾರ ಆಂಜನೇಯನಿಗೆ ಕೈಮುಗಿದು ಬರುವಾಗ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ತುಪ್ಪದ ದೋಸೆಯ ವಾಸನೆ ಬಡಿಯಿತು. ಕಮಲಳ ನಡಿಗೆ ತಾನಾಗಿ ನಿಧಾನವಾಯಿತು.

"ತಿಂತೀಯಾ?" ಅಂದ ಚೆಲುವರಾಜು.

"ಅಯ್ಯಯ್ಯೋ, ಹೋಟ್ಲಲ್ಲಾ? ಯಾರಾದ್ರೂ ನೋಡುದ್ರೆ?"

"ನೋಡ್ಲಿ ಬಾ. ದೋಸೆ ತಾನೆ, ಸಾರಾಯಿ ಅಲ್ವಲ್ಲ."

ಅವತ್ತಿನಿಂದ ದೇವರಿಗೆ ಬಾಗಿಲಲ್ಲೇ ಒಂದು ನಮಸ್ಕಾರ, ಆಮೇಲೆ ಹೋಟ್ಲು. ಆಹಾ, ಆಗಿನ ಮೈಸೂರು! ಫಿಟ್ಟರ್ ಸಂಬಳದವನೂ ಹೆಂಡತಿಗೆ ತಿನ್ನಿಸಿ, ತಾನೂ ತಿಂದು, ಮೀಸೆ ತಿರುವಿಕೊಂಡು ಹೊರಗೆ ಬರಬಹುದಾಗಿದ್ದ ಕಾಲ ಅದು. ಬೋರ್ಡು ಇಲ್ಲದ ಹೋಟ್ಲುಗಳಿಗೆ ಇವರಿಬ್ಬರೇ ಹೆಸರಿಟ್ಟುಕೊಂಡರು. ಚಾಮರಾಜಪುರಂನಲ್ಲಿ ಒಬ್ಬ ಮುದುಕಮ್ಮ ಮನೆ ಮುಂದೆ ಇಡ್ಲಿ ಬೇಯಿಸಿ ಕೊಡುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ತಿನ್ನಬೇಕು, ಇನ್ನೊಂದು ಕೇಳಿದರೆ ಬೈದುಕೊಂಡೇ ಎರಡು ಹಾಕುವಳು. ಅದು ‘ಮೆಟ್ಲು ಹೋಟ್ಲು’. ಬೋಂಡಾ ತಿನ್ನುತ್ತಾ ಕಣ್ಣೀರು ಸುರಿಸಬೇಕಾದದ್ದು ‘ಹೊಗೆ ಹೋಟ್ಲು’. ಕೈ ಬಿಗಿಯಾಗಿದ್ದ ವಾರ ದೊಡ್ಡ ಗಡಿಯಾರದ ಹತ್ತಿರ ಒಂದೇ ಪೊಟ್ಟಣ ಚುರುಮುರಿ, ಮಾವಿನಕಾಯಿ ತುರಿ ಯಾರ ಪಾಲಿಗೆ ಹೆಚ್ಚು ಬಂತು ಎಂಬ ಜಗಳ ಪುಕ್ಕಟೆ.

ಆದರೆ ಎಲ್ಲಕ್ಕಿಂತ ಮೇಲೆಂದರೆ ಆ ಮೊದಲ ದಿನದ ದೋಸೆ ಹೋಟ್ಲೇ. ಅಲ್ಲಿ ಹೆಂಗಸರನ್ನು ಕರೆದುಕೊಂಡು ಬಂದವರಿಗೆಂದು ಹಲಗೆ ಹೊಡೆದು ಒಂದು ಪುಟ್ಟ ಕೋಣೆ ಮಾಡಿದ್ದರು. ‘ಫ್ಯಾಮಿಲಿ ರೂಮ್’ ಎಂದು ಅದರ ದೊಡ್ಡ ಹೆಸರು. ಒಂದು ಮೇಜು, ಎರಡು ಬೆಂಚು, ಬಾಗಿಲಿಗೆ ನೀಲಿ ಪರದೆ. ದೋಸೆ ಮುಗಿದ ಮೇಲೆ ಒಂದು ಕಾಫಿ, ಎರಡು ಲೋಟ. ಗಂಡನ ಮುಖವನ್ನು ಕಮಲ ಹಗಲು ಬೆಳಕಿನಲ್ಲಿ ಕಣ್ತುಂಬ ನೋಡಿದ್ದು ಅಲ್ಲಿ. ಅವನಿಗೊಂದು ಸೊಟ್ಟ ಹಲ್ಲಿದೆ, ನಕ್ಕರೆ ಮಾತ್ರ ಕಾಣುತ್ತದೆ ಎಂದು ಗೊತ್ತಾದದ್ದೂ ಅಲ್ಲೇ. ಅವನು ಮೇಸ್ತ್ರಿಯ ಗೊಗ್ಗರು ದನಿ ತೆಗೆದು ನಗಿಸುತ್ತಿದ್ದ. ಅವಳು ತವರಿನ ಕಥೆ ಹೇಳುತ್ತಿದ್ದಳು. ಅವಳ ತಂಗಿ ಎಮ್ಮೆ ಮೇಲೆ ಕೂತು, ಯಾರಿಗೂ ಹೇಳದೆ ಸಂತೆಗೆ ಹೊರಟ ಕಥೆ ಆ ಈರುಳ್ಳಿ ವಡೆಯ ದಿನ ಅರ್ಧಕ್ಕೆ ನಿಂತಿತ್ತು. ಮನೆಯಲ್ಲಿ ಅದನ್ನು ಪಿಸುಗುಟ್ಟುತ್ತಾ ಹೇಳಿದರೆ ಏನು ಚೆನ್ನ? ಅದಕ್ಕೆ ಕೈ ಬೀಸಬೇಕು, ದನಿ ಎತ್ತಬೇಕು, ನಗಬೇಕು.

ಆ ಪರದೆ ಮಾತ್ರ ನೆಲದಿಂದ ಗೇಣುದ್ದ ಮೇಲಕ್ಕೇ ನಿಂತಿತ್ತು. ಹೊರಗೆ ಓಡಾಡುವವರ ಕಾಲು ಕಾಣುತ್ತಿತ್ತು: ಸಾಹೇಬರ ಬೂಟು, ಹುಣಸೂರಿನ ಬಸ್ಸು ಇಳಿದು ಬಂದವರ ಕೆಮ್ಮಣ್ಣಿನ ಪಾದ. ಮಾತಿನ ನಡುವೆ ಕಮಲ ಒಮ್ಮೊಮ್ಮೆ ಅತ್ತ ನೋಡುವಳು. ಹೊಲದಲ್ಲಿ ಸವೆದು ಬಿರುಕು ಬಿಟ್ಟ ಅತ್ತೆಯ ಹಿಮ್ಮಡಿಗಳು ಒಂದು ದಿನ ಅಲ್ಲಿ ಬಂದು ನಿಲ್ಲುತ್ತವೆ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

ಈರುಳ್ಳಿ ಸಿಕ್ಕಿದ ಮುಂದಿನ ಶನಿವಾರ ಚೆಲುವರಾಜು ಕೆಲಸದಿಂದ ಬರುವಷ್ಟರಲ್ಲಿ ಪುಟ್ಟತಾಯಮ್ಮ ಪೆಟ್ಟಿಗೆಯ ತಳದಲ್ಲಿದ್ದ ಕಪ್ಪಂಚಿನ ಸೀರೆ ಉಟ್ಟು, ತಲೆ ಬಾಚಿ, ಹೊಸ್ತಿಲಲ್ಲಿ ಕೂತಿದ್ದಳು.

"ಎಲ್ಗವ್ವ?" ಅಂದ.

"ನೀವು ಓಗೋ ದೇವಸ್ಥಾನಕ್ಕೇ ಕಣ್ಲಾ. ಆ ಈರುಳ್ಳಿ ದೇವ್ರ ನಾನೂ ವಸಿ ನೋಡ್ಬೇಕು."

ಕಮಲಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಚೆಲುವರಾಜು ಅವ್ವನನ್ನು ದೋಸೆ ಹೋಟ್ಲಿಗೇ ಕರೆದುಕೊಂಡು ಹೊರಟ. ಕಮಲ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ನಾಚಿಕೆಗಿಂತ ಸಂಕಟವೇ ಹೆಚ್ಚಾಗಿತ್ತು. ವಾರಕ್ಕೊಂದು ಗಳಿಗೆ ತನ್ನದು ಅಂತ ಇತ್ತು, ಅದಕ್ಕೂ ಕಲ್ಲು ಬಿತ್ತು. ಇನ್ನು ಪ್ರತಿ ಶನಿವಾರ ಮೂರು ಜನ, ಮೂರು ಲೋಟ, ಅಲ್ಲೂ "ಉಪ್ಪು ಸಾಕಾ?" ಎನ್ನುವುದೇ. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು.

ಪರದೆ ಸರಿಸಿ ಒಳಗೆ ಹೋದ ಪುಟ್ಟತಾಯಮ್ಮ ಬೆಂಚಿನ ತುದಿಯಲ್ಲಿ ಕೂತಳು. ಹೆಗಲ ಮೇಲೆ ವಸ್ತ್ರ ಹಾಕಿಕೊಂಡಿದ್ದ, ತಲೆ ನೆರೆತ ಸಪ್ಲೈಯರ್ ಮೊದಲ ದೋಸೆಯನ್ನು ಆಕೆಯ ಮುಂದಿಟ್ಟ. ಆಕೆ ಅದನ್ನು ಮಗನ ಕಡೆ ತಳ್ಳಿದಳು.

"ನೀವು ತಿನ್ನಿ. ನಂದು ಆಮೇಲೆ."

"ಅವರಿಗೂ ಬರ್ತಾ ಇದೆ ತಾಯಿ. ಬಿಸಿ ಇದ್ದಾಗಲೇ ತಿನ್ನಿ" ಎಂದು ಸಪ್ಲೈಯರ್ ತಟ್ಟೆಯನ್ನು ಮತ್ತೆ ಅಲ್ಲಿಗೇ ಸರಿಸಿ ಹೋದ.

ಪುಟ್ಟತಾಯಮ್ಮ ದೋಸೆ ಮುರಿಯಲು ಹೋಗಿ ಬೆರಳು ಹಿಂದಕ್ಕೆಳೆದುಕೊಂಡಳು. ಊದಿ ಬಾಯಿಗಿಟ್ಟಳು. ಅರ್ಧ ದೋಸೆ ಹೋದ ಮೇಲೆ ತಲೆ ಎತ್ತಿದಳು.

"ಗರಿಗರಿ ಅಂತದಲ್ಲವ್ವ ಕಮಲ! ಒಲೆ ಮುಂದೆ ಕುಂತೋಳು ಯಾವತ್ತೂ ನಾನೇಯ. ಎಲ್ರುದೂ ಆಗಿ ಕಡೇದು ನಂಗೆ. ಅಷ್ಟೊತ್ಗೆ ಅದು ಚರ್ಮ ಆಗೋಗಿರದು. ದೋಸೆ ಅಂದ್ರೆ ಅಂಗೇ ಅಂತಿದ್ದೆ ನಾನು."

ಕಮಲ ತನ್ನ ತಟ್ಟೆಯ ಪಲ್ಯವನ್ನು ಸದ್ದಿಲ್ಲದೆ ಅತ್ತೆಯ ತಟ್ಟೆಗೆ ಹಾಕಿದಳು.

"ಓದ ವಾರ ನಿಮ್ಮನ್ನ ಬಯ್ಯನ ಅಂತಲೇ ಇದ್ದೆ" ಎಂದಳು ಪುಟ್ಟತಾಯಮ್ಮ. "ಮಲಿಕ್ಕೊಂಡ್ರೆ ನಿದ್ದೆ ಬರ್ನಿಲ್ಲ. ನಿಮ್ಮ ಮಾವನ ಜತೆ ಅಷ್ಟು ವರ್ಸ ಬಾಳ್ವೆ ಮಾಡ್ದೆ. ಹೊಲ, ಹಟ್ಟಿ, ಅತ್ತೆ, ಮೈದುನ್ರು. ಇಬ್ರೇ ಕುಂತು ಒಂದು ಮಾತು ಆಡ್ನಿಲ್ಲ ಕಣವ್ವ. ಅವ್ರು ದನ ಕೂಗೋ ದನಿ ನೆಪ್ಪದೆ ನಂಗೆ. ನನ್ನ ಕರೀತಿದ್ದ ದನಿ ನೆಪ್ಪಿಗೇ ಬರ್ನಿಲ್ಲ."

ಚೆಲುವರಾಜು ನೀರಿನ ಲೋಟವನ್ನು ಅವ್ವನ ಕಡೆ ಸರಿಸಿದ. ಪುಟ್ಟತಾಯಮ್ಮ ಮಾತ್ರ ಏನೂ ಆಗದವಳಂತೆ ಎದ್ದು, ಮೂರೂ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡಳು.

"ಅವ್ವ, ಏನ್ಮಾಡ್ತಿದ್ದೀ? ಇಲ್ಲಿ ಅವ್ರೇ ಎತ್ತುತಾರೆ!"

"ನನ್ನ ಎಂಜಲ ಆ ವಯಸ್ಸಾದವ್ರ ಕೈಲಿ ಎತ್ತಿಸ್ಲಾ? ನೀನು ಕುಂತ್ಕೋ ಸುಮ್ಕೆ."

ಪರದೆ ಆಡಿತು. ಹೊರಗೆ ಗಲಾಟೆ. "ಬಿಡಿ ತಾಯಿ, ಬಿಡಿ, ಮಾಲೀಕರು ನೋಡಿದರೆ ನನ್ನನ್ನ ಬೈತಾರೆ!" ಎಂದು ಸಪ್ಲೈಯರ್ ಅಂಗಲಾಚುತ್ತಿದ್ದ. "ಎಲ್ಲದೆ ನಲ್ಲಿ, ಅದ ಯೋಳಿ ನೀವು" ಎಂದು ಪುಟ್ಟತಾಯಮ್ಮ. ಯಾರೋ ನಕ್ಕರು. ತಟ್ಟೆಯ ಸದ್ದು, ನೀರಿನ ಸದ್ದು. ಒಳಗಿದ್ದ ಇಬ್ಬರೂ ನಾಚಿಕೆಯಿಂದ ಕೆಂಪಾಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ನೀರಿನ ಸದ್ದು ನಿಂತಿತು. ಪುಟ್ಟತಾಯಮ್ಮ ಒಳಗೆ ಬರಲಿಲ್ಲ.

"ಕಾಫಿ ಒಳಕ್ಕೆ ಕೊಡಿ ಸ್ವಾಮಿ, ಅದೇನೋ ಒಂದುನ್ನ ಎರಡು ಮಾಡ್ತೀರಂತಲ್ಲ ಅಂಗೆ" ಎಂಬ ದನಿ ಪರದೆಯ ಪಕ್ಕದಿಂದಲೇ ಬಂತು. "ನಂಗೆ ಇಲ್ಲೇ ಕೊಡಿ. ಈ ಬೆಂಚು ಚೆನ್ನಾಗದೆ."

ಕಾಫಿ ಬಂತು. ಅದರ ಹಿಂದೆಯೇ ಯಾರೋ ಗಂಡಸಿನ ದನಿ, ಬಳೆಯ ಸದ್ದು, ಮಗುವಿನ ಅಳು. ಫ್ಯಾಮಿಲಿ ರೂಮ್ ಖಾಲಿ ಇದೆಯೇ ಎಂದು ಕೇಳುತ್ತಿದ್ದರು.

"ಇಲ್ಲ ಕಣಪ್ಪ, ಇನ್ನೂ ವಸಿ ಒತ್ತು ಆಯ್ತದೆ" ಎಂದಳು ಪುಟ್ಟತಾಯಮ್ಮ. "ನನ್ನ ಮಗ ಸೊಸೆ ಮಾತಾಡ್ತಾವ್ರೆ. ಬನ್ನಿ, ಇಲ್ಲೇ ಕುಂತ್ಕಳಿ. ಮಗೀನ ಇತ್ತ ಕೊಡವ್ವ."

ಚೆಲುವರಾಜು ಕಾಫಿಯನ್ನು ಎರಡು ಲೋಟಕ್ಕೆ ಸಮನಾಗಿ ಹಂಚಿದ. ಸೊಟ್ಟ ಹಲ್ಲು ಕಂಡೂ ಕಾಣದಂತೆ ನಕ್ಕ.

"ಆಮೇಲೆ ಎಮ್ಮೆ ಎಲ್ಗೋಯ್ತು?"

ಕಮಲ ಹೇಳಲು ಬಾಯಿ ತೆರೆದವಳು ಹಾಗೇ ತಲೆ ತಗ್ಗಿಸಿದಳು. ಪರದೆಯ ಕೆಳಗೆ, ಬೆಂಚಿನಿಂದ ಇಳಿಬಿದ್ದ ಎರಡು ಬರಿಗಾಲು. ಬಿರುಕು ಬಿಟ್ಟ ಹಿಮ್ಮಡಿ. ನೆಲಕ್ಕೆ ಎಟುಕದೆ ಅವು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಜೀಕುತ್ತಿದ್ದವು.