ಮಿನೋರಿಯ ಎಡಗಣ್ಣು

ತನ್ನ ಗುಟ್ಟನ್ನು ಜಪಾನಿನ ಹುಡುಗಿಯೊಬ್ಬಳು ಹತ್ತು ಜನರ ಮುಂದೆ ರಟ್ಟು ಮಾಡುತ್ತಾಳೆಂದು ಪೀರಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ಎಂಥ ಹುಡುಗಿ? ಕಾರ್ಟೂನಿನವಳು. ಇದೆಯೋ ಇಲ್ಲವೋ ಎನ್ನುವಷ್ಟು ಮೂಗು, ಅರ್ಧ ಮುಖದ ತುಂಬ ಕಣ್ಣು, ಮೈಮೇಲೆ ಶಾಲೆಯ ಸಮವಸ್ತ್ರ, ತಲೆಗೆ ಹೆಲ್ಮೆಟ್ಟು. ಹೆಸರು ಮಿನೋರಿ. ಹೈಸ್ಕೂಲು ಓದುತ್ತಲೇ ರೇಸ್ ಕಾರು ಓಡಿಸುತ್ತಾಳೆ. ಇವಳಿಗೆ ಲೈಸೆನ್ಸು ಕೊಟ್ಟವರು ಯಾರು ಎಂದು ಪೀರಪ್ಪ ಮೊದಲ ದಿನವೇ ಕೇಳಿದ್ದ. "ಅಪ್ಪಾ, ಅದು ಕಥಿ" ಎಂದು ಮಗಳು ಗಂಗಾ ಅವನ ಬಾಯಿ ಮುಚ್ಚಿಸಿದ್ದಳು.

ಕನ್ನಡದಲ್ಲಿ ಮಿನೋರಿಗೆ ದನಿ ಕೊಟ್ಟವಳು ಈ ಗಂಗಾಳೇ. ಒಂಬತ್ತನೇ ತರಗತಿಯ ಹುಡುಗಿ. ಶಾಲೆಯ ನಾಟಕದಲ್ಲಿ ಇವಳ ದನಿ ಕೇಳಿ ಮೆಚ್ಚಿದ ಶ್ವೇತ ಎಂಬ ಡಬ್ಬಿಂಗ್ ನಿರ್ದೇಶಕಿ ಇಂದಿರಾನಗರದ ಸ್ಟುಡಿಯೋಗೆ ಕರೆಸಿಕೊಂಡಿದ್ದಳು. ಶಾಲೆಯಲ್ಲಿ ಮಿನೋರಿ ಪುಸ್ತಕದ ಕನ್ನಡ ಆಡಬೇಕು, ಹೆಲ್ಮೆಟ್ಟಿನೊಳಗೆ ತನಗೆ ತಾನೇ ಮಾತಾಡಿಕೊಳ್ಳುವಾಗ ಮಾತ್ರ ಗಂಗಾಳ ಮನೆಯ ಸುರಪುರದ ಕನ್ನಡ. ಅದು ಶ್ವೇತಳ ಹಟ. ಪೀರಪ್ಪನ ಎದೆ ಆರು ತಿಂಗಳಿನಿಂದ ಉಬ್ಬಿಕೊಂಡೇ ಇತ್ತು.

ಗರುಡಾಚಾರ್‌ಪಾಳ್ಯದಲ್ಲಿ ಅವರು ಬಾಡಿಗೆಗಿದ್ದ ಕೋಣೆ ಮುನಿಶಾಮಮ್ಮನವರದು. ಪೀರಪ್ಪ ಓಡಿಸುವ ಹಳದಿ ಸ್ಕೂಲ್ ವ್ಯಾನು ಅವರ ಮಗ ಪ್ರೇಮ್‌ಕುಮಾರನದು. ಆ ಭಾನುವಾರ ಮಧ್ಯಾಹ್ನ ಮುನಿಶಾಮಮ್ಮ ತಮ್ಮ ನಡುಮನೆಯ ದೊಡ್ಡ ಟೀವಿಯ ಮುಂದೆ ಜಮಖಾನ ಹಾಸಿ ವಠಾರದವರನ್ನೆಲ್ಲ ಕರೆದಿದ್ದರು. ವ್ಯಾನಿನ ಮಕ್ಕಳೂ ಅವರ ತಾಯಂದಿರೂ ಬಂದಿದ್ದರು. ಪೀರಪ್ಪನ ಹೆಂಡತಿ ಸಾಬಮ್ಮ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು.

ರೇಸು ಶುರುವಾಯಿತು. ಮೂರನೇ ಸುತ್ತಿನಲ್ಲಿ ಕಲ್ಲೊಂದು ಹಾರಿ ಮಿನೋರಿಯ ಹೆಲ್ಮೆಟ್ಟಿಗೆ ಬಡಿಯಿತು. ಗಾಜು ಬಿರಿದು ಎಡಗಣ್ಣಿನ ಮುಂದೆ ಬರೀ ಬಿಳುಪು. ಪರದೆಯ ತುಂಬ ಅವಳ ತುಟಿಗಳು ಅದುರಿದವು. ಗಂಗಾಳ ದನಿ ಪಿಸುಗುಟ್ಟಿತು.

"ಸಾವಕಾಶ ಮಿನೋರಿ, ಸಾವಕಾಶ. ಎಡಗಡೆ ಕತ್ತಲ ಅದ. ಕಣ್ಣಿಲ್ಲಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಕಿವಿಲೆ ನೋಡು. ಹಾರ್ನ್ ಕೇಳಿ ತಿರುಗಸು. ಇವತ್ತೊಂದು ದಿನ ದಾಟಸು, ದೇವರೇ."

ಮಿನೋರಿ ಎಂಬಲ್ಲಿ ಪೀರಪ್ಪ ಎಂದಿಟ್ಟರೆ ಸಾಕು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ದಿನಾ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದು ಗುಡಿಯಲ್ಲಿ ಮಂತ್ರ ಹೇಳುವವನ ಹಾಗೆ ತಾನು ಗೊಣಗಿಕೊಳ್ಳುವ ಮಾತು ಅದು. ಸಕ್ಕರೆ ಕಾಯಿಲೆ ಎಡಗಣ್ಣನ್ನು ತಿಂದುಹಾಕಿ ಎರಡು ವರ್ಷವಾಗಿತ್ತು. ಹಾಗೆಂದು ಹೇಳಿದ ಡಾಕ್ಟರನ್ನು ಬಿಟ್ಟರೆ ಇನ್ನೊಂದು ಪಿಳ್ಳೆಗೂ ತಿಳಿಯದು. ಸಾಬಮ್ಮನಿಗೂ ಹೇಳಿರಲಿಲ್ಲ. ಈಗ ಜಪಾನಿನ ರೇಸಿನಲ್ಲಿ, ಪ್ರೇಮ್‌ಕುಮಾರನ ನಡುಮನೆಯಲ್ಲಿ, ಅದು ಸಾರಿದಂತಾಗಿತ್ತು.

"ಏನ್ ಡೈಲಾಗ್ ಗುರು!" ಪ್ರೇಮ್‌ಕುಮಾರ್ ತೊಡೆ ತಟ್ಟಿದ. "ಪೀರಪ್ಪ, ನಿನ್ ಮಗಳು ಸಖತ್ತಾಗ್ ಹೇಳ್ಬಿಟ್ಲು ಕಣಪ್ಪ! ಎಲ್ಲಿಂದ ತಂದೆ ಗಂಗಾ ಇದನ್ನ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಬಮ್ಮ ನೆಟಿಗೆ ಮುರಿದು ಮಗಳ ದೃಷ್ಟಿ ತೆಗೆದಳು. ಯಾರಿಗೂ ಏನೂ ಹೊಳೆದಿರಲಿಲ್ಲ. ಗಂಗಾ ಮಾತ್ರ ಚಪ್ಪಾಳೆಯ ಕಡೆ ನೋಡದೆ ಅಪ್ಪನನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಪೀರಪ್ಪ ಎದ್ದು ಹೊರಗೆ ನಡೆದ. ಮಗಳೂ ಹಿಂದೆಯೇ ಬಂದಳು. ಮಹಡಿಯ ಮೆಟ್ಟಿಲ ಕೆಳಗೆ ಅವಳ ತೋಳು ಹಿಡಿದು ನಿಲ್ಲಿಸಿದ.

"ನನ್ನ ಅನ್ನಕ್ಕ ಮಣ್ಣ ಹಾಕಿದ್ಯಲ್ಲಲೇ! ಯಾರ ಹೇಳಿದ್ರು ನಿನಗ?"

"ನೀನೇ ಹೇಳಿದಿ. ದಿನಾ ಹೇಳ್ತಿ."

"ಕಿವ್ಯಾಗ ಅದೇನೋ ಹಾಡು ಹಚ್ಚಿಕೊಂಡಿರ್ತಿಯಲ್ಲ ನೀನು!"

"ಹಾಡು ಇರಂಗಿಲ್ಲಪಾ. ಖಾಲಿ ಇಯರ್‌ಫೋನ್ ಇಟ್ಟುಕೊಂಡಿರ್ತೀನಿ. ನಿನಗ ನಾಚಿಕಿ ಆಗಬಾರ್ದಂತ."

ಪೀರಪ್ಪನ ಕೈ ಸಡಿಲವಾಯಿತು. ಗಂಗಾಳ ಶಾಲೆ ಇರುವುದು ಪಕ್ಕದ ಬೀದಿಯಲ್ಲಿ. ಆದರೂ ಅವಳು ಬೆಳಿಗ್ಗೆ ಎದ್ದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ವಿಮಾನಪುರದವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಓಡೋಡಿ ವಾಪಸು ಹೋಗುತ್ತಿದ್ದಳು. ಮಗಳಿಗೆ ಗಾಡಿಯ ಹುಚ್ಚು ಎಂದು ಈ ಜಾಣ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಎಡಗಡೆಯ ಸೀಟು ಅದು. ಅವಳು ಅಲ್ಲಿ ಕೂತು ಏನು ಮಾಡುತ್ತಿದ್ದಳೆಂದು ಅವನಿಗೆ ಈಗ ತಿಳಿಯಿತು. ಮೆಟ್ಟಿಲ ಮೇಲೆ ಕುಸಿದು ಕೂತ.

"ಬೇಕಂತ ಅಂದಿಲ್ಲಪಾ," ಗಂಗಾ ಅಳುತ್ತಿದ್ದಳು. "ಹಾಳ್ಯಾಗ ಬರದ ಮಾತು ಮುಗದಿತ್ತು, ಆಕಿ ತುಟಿ ಇನ್ನೂ ಆಡಾಕತ್ತಿದ್ವು. ಹಂಗ ಆದಾಗ ಶ್ವೇತ ಮೇಡಂ ನಿನ್ನ ಮಾತೇ ತುಂಬು ಅಂತಾರ. ಕಣ್ಣ ಕಾಣದಾಕಿ ಗಾಡಿ ಹೊಡಿಯಾಕತ್ಯಾಳ. ನನಗ ಬ್ಯಾರೆ ಮಾತೇ ಬರಲಿಲ್ಲ."

"ಹೋಗ್ಲಿ ಬಿಡು. ಯಾರಿಗೂ ತಿಳಿದಿಲ್ಲ." ಪೀರಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ನೀನೂ ಮರತುಬಿಡು. ಎರಡು ವರ್ಷದಾಗ ಒಂದು ಗೀರು ಬಿದ್ದಿಲ್ಲ ಗಾಡಿಗೆ. ನನ್ನ ಕೈ ಅಂಥಾದ್ದು."

ಆ ಸಮಯದಲ್ಲೂ ಅವನಿಗೆ ಜಂಬ! ಗಂಗಾ ಕಣ್ಣೊರೆಸಿಕೊಂಡಳು.

"ಹ್ವಾದ ಮಂಗಳವಾರ ವಾಂತಿ ಬರ್ತದ, ನಿಲ್ಲಸು ಅಂತ ಚೀರಿದೆನಲ್ಲಪಾ?"

"ಹೌದು. ಬೈದೆ ನಾನು. ಹಿಂದಿನ ಗಾಡಿಯವರು ಹಾರ್ನ್ ಹೊಡದು ತಲಿ ತಿಂದ್ರು."

"ವಾಂತಿ ಬಂದಿದ್ದಿಲ್ಲ. ಕುಲ್ಸುಂ ಆಗಷ್ಟೇ ಇಳಿದಿದ್ಲು. ಕೈಯಾಗಿನ ನೀರಿನ ಬಾಟ್ಲಿ ಉರುಳಿ ಎಡಗಾಲಿ ಮುಂದ ಹೋಗಿತ್ತು. ತಗೊಳ್ಳಾಕ ಬಗ್ಗಿದ್ಲು. ನೀ ಗೇರ್ ಹಾಕಿ ಬಿಟ್ಟಿದ್ದಿ."

ಕುಲ್ಸುಂ ಎಂದರೆ ಉಮ್ಮೆ ಕುಲ್ಸುಂ, ಬೀದಿ ತುದಿಯ ಟೈಲರ್ ರುಕ್ಸಾರಳ ಮಗಳು, ಯುಕೆಜಿ. ಗಾಲಿಯ ಎತ್ತರವೂ ಇಲ್ಲದ ಕೂಸು. ಆ ದಿನ ಮಗಳಿಗೆ ಬೈಯುತ್ತ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿದ್ದಾಗ ಬಾಗಿಲ ಕೆಳಗಿನಿಂದ ಒಂದು ಪುಟ್ಟ ಕೈ ಮೇಲೆದ್ದು "ಟಾಟಾ ಅಂಕಲ್" ಎಂದಿತ್ತು. ತಾನೂ ಟಾಟಾ ಮಾಡಿದ್ದ. ನಕ್ಕಿದ್ದ ಕೂಡ. ಈಗ ಆ ಕೈ ನೆನಪಾಗಿ ಗೋಡೆ ಹಿಡಿದು ಚರಂಡಿಯ ಬಳಿ ವಾಂತಿಗೆ ಬಗ್ಗಿದ. ಬರೀ ನೀರು ಬಂತು.

"ನನಗ್ಯಾಕ ಹೇಳಲಿಲ್ಲವ್ವ ಆವತ್ತೇ?"

"ಹೇಳಿದ್ರ ನೀ ಅಳ್ತಿ ಅಂತ." ಗಂಗಾ ಅವನ ಬೆನ್ನು ಸವರಿದಳು. "ಅಪ್ಪಾ, ಆವತ್ತು ನಾ ಒಂದು ಗಳಿಗಿ ಫೋನ್ ನೋಡಾಕತ್ತಿದ್ದೆ. ಒಂದೇ ಗಳಿಗಿ."

ಹದಿನಾಲ್ಕು ವರ್ಷದ ಹುಡುಗಿ. ಆ ಗಳಿಗೆಯನ್ನು ಐದು ದಿನದಿಂದ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಾಳೆ. ಪೀರಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅನ್ನ ಹೋಗುತ್ತದೆ, ಕೋಣೆಯೂ ಹೋದೀತು, ಸುರಪುರಕ್ಕೆ ಬಸ್ಸು ಹತ್ತಬೇಕಾದೀತು. ಎಲ್ಲ ಗೊತ್ತಿದ್ದೂ ಅವನು ಮುಖ ತೊಳೆದು ಒಳಗೆ ಬಂದು ಟೀವಿಗೆ ಅಡ್ಡ ನಿಂತ. ಮಕ್ಕಳು ಹೋ ಎಂದು ಕೂಗಿದರು.

"ಏಯ್, ಪಕ್ಕಕ್ ಬಾ ಪೀರಪ್ಪ, ರೇಸು ಮುಗೀತಾ ಐತೆ," ಎಂದರು ಮುನಿಶಾಮಮ್ಮ.

"ಅಮ್ಮಾರ, ಒಂದು ಮಾತದ ರೀ." "ಈ ಹುಡುಗಿ ಅಂದಿದ್ದು ನನ್ನ ಮಾತು. ನನಗ ಎಡಗಣ್ಣು ಕಾಣಂಗಿಲ್ಲ ರೀ. ಎರಡು ವರ್ಷಾತು. ನಿಮ್ಮ ಮಕ್ಕಳನ್ನ ಒಂದೇ ಕಣ್ಣಾಗ ಕರಕೊಂಡು ಹೋಗಾಕತ್ತೀನಿ."

ಪ್ರೇಮ್‌ಕುಮಾರ್ ಎದ್ದು ನಿಂತ. ಸಾಬಮ್ಮ "ಏನಂದ್ರಿ?" ಎಂದಳು, ಮತ್ತೊಮ್ಮೆ "ಏನಂದ್ರಿ?" ಎಂದಳು. ಯಾರೋ ಟೀವಿ ಆರಿಸಿದರು.

ರುಕ್ಸಾರ್ ಮುಂದೆ ಕೂತಿದ್ದ ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಅವಳ ಕೈ, ಕಾಲು, ತಲೆ ಒಂದೊಂದಾಗಿ ಮುಟ್ಟಿ ನೋಡತೊಡಗಿದಳು.